ಸಮಾನತೆಯ ಕಾನೂನು: ಹೊರೆ ಯಾರ ತಲೆ ಮೇಲೆ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಲಿಂಗ ಸಮಾನತೆಗೆ ಒಂದು ದೇಶದ ಕಾನೂನು ಮತ್ತು ಸರ್ಕಾರದ ನೀತಿ ಹೇಗಿರಬೇಕು ಅಂತ ನಮ್ಮ ಗುಂಪು ಒಂದು ಮಾದರಿ ಕರಡು ಬರೆಯಬೇಕು. ಗುಂಪಿನ ಅರ್ಧ ಜನ ‘ಜನರ ಮನಸ್ಸು ಬದಲಾಗದೆ ಕಾನೂನು ಮಾಡಿ ಏನು ಪ್ರಯೋಜನ, ಅದು ಕಾಗದದಲ್ಲೇ ಉಳಿಯುತ್ತೆ’ ಅಂತಾರೆ. ಉಳಿದವರು ‘ಕಾನೂನು ಗಟ್ಟಿಯಾಗಿದ್ದರೆ ಎಲ್ಲ ಸರಿಹೋಗುತ್ತೆ’ ಅಂತಾರೆ. ಯಾರು ಸರಿ? ನಿಜವಾಗಿ ಕೆಲಸ ಮಾಡಿದ ಕಾನೂನುಗಳು ಯಾವುವು? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಈ ಜಗಳ ನನಗೆ ಹಳೇ ಪರಿಚಯ. ಕಾನೂನಿನ ಕರಡುಗಳನ್ನು ಓದಿ ತಿದ್ದುವುದೇ ನನ್ನ ಕೆಲಸ. ಸಮಾನತೆಯ ಕರಡು ಮೇಜಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ‘ಮೊದಲು ಮನಸ್ಸು ಬದಲಾಗಬೇಕು ಬಿಡಿ’ ಅಂದೇ ಅನ್ನುತ್ತಾರೆ. ನಿಮ್ಮ ಗುಂಪಿನಲ್ಲಿ ಎರಡೂ ಕಡೆಯವರು ಅರ್ಧರ್ಧ ಸರಿ ಅಂತ ಹೇಳಿ ನಾನು ಜಾರಿಕೊಳ್ಳಬಹುದು. ಅದರಿಂದ ನಿಮ್ಮ ಕರಡಿಗೆ ಏನೂ ಸಹಾಯ ಆಗಲ್ಲ.

ನಾನು ಇಂಥ ಕಾನೂನನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ. ಹೊರೆ ಯಾರ ತಲೆ ಮೇಲಿದೆ? ಅನ್ಯಾಯ ಆದವಳೇ ಅದನ್ನು ಪತ್ತೆ ಮಾಡಿ, ದೂರು ಕೊಟ್ಟು, ವಕೀಲರನ್ನು ಹಿಡಿದು, ಸಾಬೀತು ಮಾಡಬೇಕಾ? ಇಲ್ಲಾ, ಅಧಿಕಾರ, ಹಣ, ಕಡತ ಯಾರ ಕೈಯಲ್ಲಿದೆಯೋ ಅವರು ‘ನಮ್ಮಲ್ಲಿ ಎಲ್ಲ ಸರಿ ಇದೆ’ ಅಂತ ತೋರಿಸಬೇಕಾ? ಮೊದಲನೇ ಬಗೆಯ ಕಾನೂನುಗಳೇ ಜಾಸ್ತಿ. ಕಾಗದದಲ್ಲಿ ಉಳಿಯುವುದೂ ಅವೇ.

ಲಿಲ್ಲಿ ಲೆಡ್‌ಬೆಟರ್ ಕತೆ ಕೇಳಿ. ಅಮೆರಿಕದಲ್ಲಿ ಸಮಾನ ವೇತನ ಕಾಯ್ದೆ 1963ರಲ್ಲೇ ಬಂದಿತ್ತು. ಈಕೆ 1979ರಲ್ಲಿ ಅಲಬಾಮಾ ರಾಜ್ಯದ ಒಂದು ಟೈರ್ ಕಾರ್ಖಾನೆಗೆ ಸೇರಿದರು. ಮೇಲ್ವಿಚಾರಕಿಯಾಗಿ ಸುಮಾರು 19 ವರ್ಷ ದುಡಿದರು. ನಿವೃತ್ತಿ ಹತ್ತಿರ ಬಂದಾಗ ಯಾರೋ ಹೆಸರಿಲ್ಲದ ಒಂದು ಚೀಟಿ ಇಟ್ಟು ಹೋದರು. ಅದರಲ್ಲಿ ಅದೇ ಹುದ್ದೆಯ ಗಂಡಸರ ಸಂಬಳ ಇತ್ತು. ಈಕೆಗೆ ತಿಂಗಳಿಗೆ 3,727 ಡಾಲರ್. ಆ ಹುದ್ದೆಯಲ್ಲಿ ಅತಿ ಕಡಿಮೆ ಪಡೆಯುತ್ತಿದ್ದ ಗಂಡಸಿಗೆ 4,286. ಕೋರ್ಟಿಗೆ ಹೋದರು. 2007ರಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಲ್ಲಿ ಹೇಳಿದ್ದು ಇಷ್ಟು: ಸಂಬಳ ನಿಗದಿಯಾದ 180 ದಿನಗಳೊಳಗೆ ದೂರು ಕೊಡಬೇಕಿತ್ತು, ತಡವಾಯಿತು.

ಗೊತ್ತೇ ಇಲ್ಲದ ಅನ್ಯಾಯಕ್ಕೆ 180 ದಿನದ ಗಡುವು! ಸಹೋದ್ಯೋಗಿಯ ಸಂಬಳ ಕೇಳುವುದೇ ತಪ್ಪು ಅನ್ನುವ ಜಾಗದಲ್ಲಿ ಆಕೆಗೆ ಹೇಗೆ ಗೊತ್ತಾಗಬೇಕಿತ್ತು? 2009ರಲ್ಲಿ ಒಬಾಮ ಅಧ್ಯಕ್ಷರಾಗಿ ಸಹಿ ಹಾಕಿದ ಮೊದಲ ಮಸೂದೆಯೇ ಈ ತೀರ್ಪನ್ನು ಸರಿಪಡಿಸಿತು. ಪ್ರತಿ ಸಲ ಕಡಿಮೆ ಸಂಬಳ ಕೈಗೆ ಬಂದಾಗಲೂ ಗಡುವು ಹೊಸದಾಗಿ ಶುರುವಾಗುತ್ತದೆ ಅಂತ ಅದು ಹೇಳಿತು. ಲೆಡ್‌ಬೆಟರ್ ಅವರಿಗೆ ಮಾತ್ರ ಅದರಿಂದ ಒಂದು ಕಾಸೂ ಸಿಗಲಿಲ್ಲ. ಗಮನಿಸಿ, ತಿದ್ದುಪಡಿ ಆದ ಮೇಲೂ ಹೊರೆ ಇರುವುದು ಆಕೆಯ ತಲೆ ಮೇಲೇ. ಗಡುವಷ್ಟೇ ಸಡಿಲ ಆಯಿತು. ಚೀಟಿ ಇಡುವವರು ಇನ್ನೂ ಬೇಕು.

ಈಗ ಐಸ್‌ಲ್ಯಾಂಡ್ ನೋಡಿ. 2018ರ ಜನವರಿಯಿಂದ ಅಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ತನ್ನ ಸಂಬಳದ ಪಟ್ಟಿಯನ್ನು ಹೊರಗಿನ ಪರಿಶೋಧಕರಿಗೆ ತೋರಿಸಿ, ಸಮಾನ ಕೆಲಸಕ್ಕೆ ಸಮಾನ ವೇತನ ಕೊಡುತ್ತಿದ್ದೇವೆ ಎಂಬ ಪ್ರಮಾಣಪತ್ರ ಪಡೆಯಬೇಕಾಯಿತು. ಮೂರು ವರ್ಷಕ್ಕೊಮ್ಮೆ ನವೀಕರಣ. ಇಲ್ಲದಿದ್ದರೆ ದಿನದ ಲೆಕ್ಕದಲ್ಲಿ ದಂಡ. ಇಲ್ಲಿ ಯಾವ ಹೆಣ್ಣುಮಗಳೂ ದೂರು ಕೊಡಬೇಕಿಲ್ಲ, ಯಾರೂ ಚೀಟಿ ಇಡಬೇಕಿಲ್ಲ. ಕಡತ ಯಾರ ಕೈಯಲ್ಲಿದೆಯೋ ಅವರೇ ಲೆಕ್ಕ ಒಪ್ಪಿಸಬೇಕು.

ಯೂರೋಪಿಯನ್ ಒಕ್ಕೂಟವೂ ನಿಧಾನವಾಗಿ ಇದೇ ದಾರಿಗೆ ಬಂದಿದೆ. 1997ರಲ್ಲಿ ಅದು ಸಾಬೀತಿನ ಹೊರೆಯನ್ನು ಆಚೆ ಕಡೆಗೆ ಸರಿಸಿತು. ಹೆಣ್ಣು ಎಂಬ ಕಾರಣಕ್ಕೆ ತಾರತಮ್ಯ ನಡೆದಿರಬಹುದು ಅಂತ ಮೇಲ್ನೋಟಕ್ಕೆ ಕಂಡರೆ ಸಾಕು, ಹಾಗೆ ನಡೆದಿಲ್ಲ ಅಂತ ತೋರಿಸಬೇಕಾದವರು ಮಾಲೀಕರು. 2023ರ ವೇತನ ಪಾರದರ್ಶಕತೆ ನಿರ್ದೇಶನ ಇನ್ನೂ ಮುಂದೆ ಹೋಯಿತು. ಕೆಲಸಕ್ಕೆ ಅರ್ಜಿ ಹಾಕಿದವರ ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳುವ ಹಾಗೇ ಇಲ್ಲ. ಈ ಒಂದು ಸಾಲು ನನಗೆ ತುಂಬಾ ಇಷ್ಟ. ಒಮ್ಮೆ ಕಡಿಮೆ ಸಂಬಳಕ್ಕೆ ಸೇರಿದವಳು ಜೀವನಪೂರ್ತಿ ಅದರ ಮೇಲೇ ನೂರಕ್ಕೆ ಹತ್ತು ಜಾಸ್ತಿ ಕೇಳುತ್ತಾ ಹೋಗಬೇಕಾಗುತ್ತದಲ್ವಾ? ಆ ಸರಪಳಿಯನ್ನು ಒಂದೇ ವಾಕ್ಯ ಕತ್ತರಿಸುತ್ತದೆ.

ನಿಮ್ಮ ಕರಡಿಗೆ ನೇರವಾಗಿ ಬೇಕಾದ ಮಾತು ಇನ್ನೊಂದಿದೆ. ಕಾನೂನು ಓದುವಾಗ ನಾಮಪದ ಬಿಡಿ, ಕ್ರಿಯಾಪದ ನೋಡಿ. ಸಮಾನತೆ, ಘನತೆ, ಸಬಲೀಕರಣ, ಇವೆಲ್ಲ ನಾಮಪದಗಳು, ಎಲ್ಲ ಕರಡಿನಲ್ಲೂ ಇರುತ್ತವೆ. ಕೆಲಸ ಮಾಡುವುದು ವಾಕ್ಯದ ಕೊನೆಯಲ್ಲಿ ಕೂತಿರುವ ಪದ. ‘ಮಾಡತಕ್ಕದ್ದು’ ಬೇರೆ, ‘ಮಾಡಬಹುದು’ ಬೇರೆ. ‘ಮಾಡಲು ಪ್ರಯತ್ನಿಸತಕ್ಕದ್ದು’ ಅಂತೂ ಮೂರನೇ ಜಾತಿ. ಕೇಳಲು ಗಂಭೀರ, ಒಳಗೆ ಟೊಳ್ಳು.

ಈ ಮೂರನೇ ಜಾತಿಯ ಫಲ ಏನು ಅಂತ ಜಪಾನ್ ತೋರಿಸಿಕೊಟ್ಟಿದೆ. 1985ರ ಸಮಾನ ಉದ್ಯೋಗಾವಕಾಶ ಕಾನೂನು ಅಲ್ಲಿ ನೇಮಕಾತಿ, ಬಡ್ತಿ ವಿಷಯದಲ್ಲಿ ಮಾಲೀಕರು ಸಮಾನವಾಗಿ ನಡೆದುಕೊಳ್ಳಲು ‘ಪ್ರಯತ್ನಿಸಬೇಕು’ ಅಂತಷ್ಟೇ ಹೇಳಿತು. ಪ್ರಯತ್ನಿಸದಿದ್ದರೆ ದಂಡ ಇಲ್ಲ. ದೊಡ್ಡ ಕಂಪನಿಗಳು ಎರಡು ಹಳಿ ಹಾಕಿಕೊಂಡವು. ಒಂದು ಬಡ್ತಿಯ ಹಳಿ, ಇನ್ನೊಂದು ಗುಮಾಸ್ತಿಕೆಯ ಹಳಿ. ಎರಡೂ ಎಲ್ಲರಿಗೂ ಮುಕ್ತ ಅಂತ ಬೋರ್ಡು. ಗುಮಾಸ್ತಿಕೆಯ ಹಳಿಯಲ್ಲಿ ಬಹುತೇಕ ಹೆಂಗಸರೇ ಇದ್ದರು ಅಂತ ಬೇರೆ ಹೇಳಬೇಕಾಗಿಲ್ಲ. ತಾರತಮ್ಯವನ್ನು ಸ್ಪಷ್ಟವಾಗಿ ನಿಷೇಧಿಸುವ ತಿದ್ದುಪಡಿ ಆಗಿದ್ದು 1997ರಲ್ಲಿ, ಜಾರಿಗೆ ಬಂದದ್ದು 1999ರಲ್ಲಿ. ಒಂದು ಕ್ರಿಯಾಪದ ಬದಲಾಗಲು ಹನ್ನೆರಡು ವರ್ಷ ಹಿಡಿಯಿತು. ಆ ಹನ್ನೆರಡು ವರ್ಷದಲ್ಲಿ ಕೆಲಸಕ್ಕೆ ಸೇರಿದ ಹುಡುಗಿಯರೆಲ್ಲ ಯಾವ ಹಳಿಯಲ್ಲಿ ಹೋದರು ಅಂತ ಯೋಚಿಸಿ.

ದಂಡದ ವಿಷಯಕ್ಕೆ ಬರುತ್ತೇನೆ. ‘ಕಾನೂನು ಗಟ್ಟಿಯಾಗಿರಬೇಕು’ ಅನ್ನುವ ನಿಮ್ಮ ಗೆಳೆಯರು ಗಟ್ಟಿ ಅಂದರೆ ದೊಡ್ಡ ದಂಡ ಅಂದುಕೊಂಡಿರಬಹುದು. ಫ್ರಾನ್ಸ್ ನೋಡಿ, ಒಂದೇ ದೇಶ, ಒಂದೇ ಕಾನೂನು, ಎರಡು ಫಲಿತಾಂಶ. 2000ದಲ್ಲಿ ಬಂದ ಆ ಕಾನೂನು ಚುನಾವಣೆಯಲ್ಲಿ ಅರ್ಧ ಅಭ್ಯರ್ಥಿಗಳು ಹೆಂಗಸರಾಗಿರಬೇಕು ಅಂದಿತು. ಸಂಸತ್ತಿನ ಕೆಳಮನೆಗೆ ಈ ನಿಯಮ ಮುರಿದರೆ ಪಕ್ಷಕ್ಕೆ ಬರುವ ಸರ್ಕಾರಿ ಅನುದಾನದಲ್ಲಿ ಕಡಿತ. ನಗರಸಭೆಗಳಲ್ಲಿ ಪಕ್ಷಗಳು ಪಟ್ಟಿ ಕೊಟ್ಟು ಸ್ಪರ್ಧಿಸುತ್ತವೆ. ಅಲ್ಲಿ ನಿಯಮ ಮುರಿದ ಪಟ್ಟಿಯನ್ನು ಸ್ವೀಕರಿಸುವುದೇ ಇಲ್ಲ.

ಏನಾಯಿತು? 3,500ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳ ಸಭೆಗಳಲ್ಲಿ ಹೆಂಗಸರ ಪಾಲು 2001ರ ಒಂದೇ ಚುನಾವಣೆಯಲ್ಲಿ ಸುಮಾರು 26%ರಿಂದ 47%ಕ್ಕೆ ಏರಿತು. ಕೆಳಮನೆಯಲ್ಲಿ 1997ರಲ್ಲಿ 10.9% ಇದ್ದದ್ದು 2002ರಲ್ಲಿ 12.3% ಆಯಿತು, ಅಷ್ಟೇ. ದೊಡ್ಡ ಪಕ್ಷಗಳು ಲೆಕ್ಕ ಹಾಕಿದವು. ಸೀಟು ಬಿಟ್ಟುಕೊಡುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ ಅನ್ನಿಸಿತು. ದಂಡ ಅಂದರೆ ಅವರಿಗೆ ಒಂದು ಖರ್ಚು. ಪಟ್ಟಿಯೇ ವಾಪಸ್ ಬಂದರೆ ಮಾತ್ರ ಅದು ಸೋಲು. ದುಡ್ಡಿರುವವರನ್ನು ದಂಡ ಹಾಕಿ ಹೆದರಿಸುವುದು ಕಷ್ಟ. ಬಾಗಿಲಲ್ಲೇ ತಡೆದರೆ ಅವರೂ ಬಗ್ಗುತ್ತಾರೆ. ನಾರ್ವೆ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಸಾರ್ವಜನಿಕರಿಗೆ ಷೇರು ಮಾರಬಹುದಾದ ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ 40% ಹೆಂಗಸರು ಇರಬೇಕು ಅಂತ 2003ರಲ್ಲಿ ಕಾನೂನು ಮಾಡಿತು. ಮೊದಲು ‘ನೀವೇ ಮಾಡಿಕೊಳ್ಳಿ’ ಅಂತ ಬಿಟ್ಟಿತು, ಆಗಲಿಲ್ಲ. ಆಮೇಲೆ, ಪಾಲಿಸದ ಕಂಪನಿಯನ್ನೇ ವಿಸರ್ಜಿಸುತ್ತೇವೆ ಅಂದಿತು. 2008ರ ಹೊತ್ತಿಗೆ ಎಲ್ಲ ಕಡೆ 40% ಆಗಿತ್ತು. ಯಾವ ಕಂಪನಿಯನ್ನೂ ಮುಚ್ಚಬೇಕಾಗಲಿಲ್ಲ. ಒಂದಷ್ಟು ಕಂಪನಿಗಳು ಕಾನೂನು ಮುಟ್ಟದ ಬೇರೆ ನಮೂನೆಗೆ ಬದಲಾಗಿ ತಪ್ಪಿಸಿಕೊಂಡವು, ಅದನ್ನೂ ಹೇಳಿಬಿಡುತ್ತೇನೆ.

ಅರ್ಜೆಂಟೀನಾ ಕಲಿಸಿದ ಪಾಠ ಸಣ್ಣದು, ಆದರೆ ಮರೆಯಬೇಡಿ. 1991ರಲ್ಲಿ ಅದು ಅಭ್ಯರ್ಥಿ ಪಟ್ಟಿಯಲ್ಲಿ 30% ಹೆಂಗಸರಿಗೆ ಅಂತ ಕಾನೂನು ಮಾಡಿತು. ‘ಗೆಲ್ಲುವ ಸಾಧ್ಯತೆ ಇರುವ ಸ್ಥಾನಗಳಲ್ಲಿ’ ಎಂಬ ಮಾತನ್ನೂ ಸೇರಿಸಿತು. ಆ ಮಾತು ಇಲ್ಲದಿದ್ದರೆ ಹೆಂಗಸರ ಹೆಸರೆಲ್ಲ ಪಟ್ಟಿಯ ಬುಡದಲ್ಲಿ ಇರುತ್ತಿದ್ದವು. ಆ ಮಾತು ಇದ್ದರೂ ಕೆಲವು ಪಕ್ಷಗಳು ಅದನ್ನೇ ಪ್ರಯತ್ನಿಸಿದವು. ಯಾವ ಸ್ಥಾನ, ಹೇಗೆ ಲೆಕ್ಕ ಅಂತ 1993ರಲ್ಲಿ ಸರ್ಕಾರ ಬಿಡಿಸಿ ಹೇಳಬೇಕಾಯಿತು. ತಪ್ಪಿಸಿಕೊಳ್ಳಲು ಕೂತವರು ನಿಮ್ಮ ಕರಡನ್ನು ನಿಮಗಿಂತ ಚೆನ್ನಾಗಿ ಓದುತ್ತಾರೆ.

ಈಗ ನಿಮ್ಮ ಗುಂಪಿನ ಮೊದಲ ಅರ್ಧಕ್ಕೆ ಉತ್ತರ. ಮನಸ್ಸು ಮೊದಲಾ, ಕಾನೂನು ಮೊದಲಾ?

ನಾನೂ ಒಂದು ಕಾಲಕ್ಕೆ ಸೀಟು ಮೀಸಲಾತಿ ಅಂದರೆ ಮೂಗು ಮುರಿದಿದ್ದೆ. ಹೆಂಡತಿಯ ಹೆಸರಲ್ಲಿ ಗಂಡ ಆಳುತ್ತಾನೆ, ಸುಮ್ನೆ ನಾಟಕ ಅಂದುಕೊಂಡಿದ್ದೆ. ನನ್ನ ಅಭಿಪ್ರಾಯ ಬದಲಾಯಿಸಿದ್ದು ಪಶ್ಚಿಮ ಬಂಗಾಳದ ಪಂಚಾಯಿತಿಗಳ ಅಧ್ಯಯನಗಳು. ಭಾರತದಲ್ಲಿ 73ನೇ ಸಂವಿಧಾನ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಪಂಚಾಯಿತಿ ಸದಸ್ಯರಲ್ಲೂ ಅಧ್ಯಕ್ಷರಲ್ಲೂ ಮೂರರಲ್ಲಿ ಒಂದು ಪಾಲು ಹೆಂಗಸರಿಗೆ ಮೀಸಲಾಯಿತು. ಯಾವ ಹಳ್ಳಿಗೆ ಮೀಸಲಾತಿ ಬರುತ್ತದೆ ಅನ್ನುವುದು ಅಲ್ಲಿ ಒಂಥರಾ ಚೀಟಿ ಎತ್ತಿದ ಹಾಗೆ. ಹಾಗಾಗಿ ಮೀಸಲಾತಿ ಬಂದ ಹಳ್ಳಿಯನ್ನೂ ಬರದ ಹಳ್ಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು. ಅರ್ಥಶಾಸ್ತ್ರಜ್ಞರು ಹಾಗೇ ನೋಡಿದರು. ಎಸ್ತರ್ ಡುಫ್ಲೋ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ ಅವರ 2004ರ ಅಧ್ಯಯನದಲ್ಲಿ, ಹೆಂಗಸರು ಅಧ್ಯಕ್ಷರಾದ ಕಡೆ ಹೆಂಗಸರೇ ಜಾಸ್ತಿ ದೂರುತ್ತಿದ್ದ ವಿಷಯಗಳಿಗೆ, ಮುಖ್ಯವಾಗಿ ಕುಡಿಯುವ ನೀರಿಗೆ, ಹೆಚ್ಚು ಹಣ ಹೋಗಿತ್ತು. ಗಂಡನೇ ಆಳುತ್ತಿದ್ದರೆ ಹೀಗೆ ಆಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಆಮೇಲೆ ಬಂತು. ಎರಡು ಅವಧಿ ಮೀಸಲಾತಿ ಕಂಡ ಹಳ್ಳಿಗಳಲ್ಲಿ, ಮೀಸಲಾತಿ ಹೋದ ಮೇಲೂ ಹೆಂಗಸರು ಹೆಚ್ಚು ಸಂಖ್ಯೆಯಲ್ಲಿ ನಿಂತರು, ಗೆದ್ದರು. ಅಂಥ ಹಳ್ಳಿಗಳಲ್ಲಿ ಅಪ್ಪ-ಅಮ್ಮ ಮಗನ ಬಗ್ಗೆ ಕಾಣುವ ಕನಸಿಗೂ ಮಗಳ ಬಗ್ಗೆ ಕಾಣುವ ಕನಸಿಗೂ ಇದ್ದ ಅಂತರ ಕಾಲು ಭಾಗದಷ್ಟು ಕಡಿಮೆಯಾಗಿತ್ತು ಅಂತ 2012ರ ಇನ್ನೊಂದು ಅಧ್ಯಯನ ತೋರಿಸಿತು. ಹುಡುಗಿಯರು ಮನೆಗೆಲಸಕ್ಕೆ ಕೊಡುತ್ತಿದ್ದ ಹೊತ್ತು ಕೂಡ ಇಳಿದಿತ್ತು. ಯಾರ ಮನಸ್ಸನ್ನೂ ಯಾರೂ ಭಾಷಣ ಮಾಡಿ ಬದಲಾಯಿಸಿರಲಿಲ್ಲ. ಹೆಂಗಸೊಬ್ಬಳು ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವುದನ್ನು ಜನ ಹತ್ತು ವರ್ಷ ನೋಡಿದರು. ಹಾಗಾಗಿ ಮನಸ್ಸು ಬದಲಾಗಲಿ ಅಂತ ಕಾಯುವುದರಲ್ಲಿ ಅರ್ಥ ಇಲ್ಲ ಅಂತ ನಾನು ಹೇಳುವುದು.

ಹಾಗಂತ ಮೇಲಿನ ಕುರ್ಚಿ ಸಿಕ್ಕಿದರೆ ಕೆಳಗೆಲ್ಲ ತಾನಾಗೇ ಬದಲಾಗುತ್ತದೆ ಅಂದುಕೊಳ್ಳಬೇಡಿ. ನಾರ್ವೆಯ ಆಡಳಿತ ಮಂಡಳಿಗಳಲ್ಲಿ ಹೆಂಗಸರು ಬಂದ ಮೇಲೆ ಅದೇ ಕಂಪನಿಗಳ ಕೆಳಗಿನ ಹಂತದ ಹೆಂಗಸರ ಸಂಬಳ, ಬಡ್ತಿ ಹೇಳಿಕೊಳ್ಳುವ ಹಾಗೆ ಬದಲಾಗಲಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಮೇಲೆ ಸುರಿದ ನೀರು ಬೇರಿಗೆ ಇಳಿಯಲಿಲ್ಲ. ಅಲ್ಲಿಗೆ ಬೇರೆಯೇ ಕಾಲುವೆ ತೋಡಬೇಕು.

ಆ ಕಾಲುವೆ ಮನೆಯೊಳಗಿನ ಕೆಲಸದ ಹತ್ತಿರ ಹೋಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಲೆಕ್ಕದಲ್ಲಿ, ಸಂಬಳವಿಲ್ಲದ ಆರೈಕೆ ಮತ್ತು ಮನೆಗೆಲಸದ ಮುಕ್ಕಾಲು ಭಾಗ ಮಾಡುವುದು ಹೆಂಗಸರು. ದಿನಕ್ಕೆ 4 ಗಂಟೆ 25 ನಿಮಿಷ. ಗಂಡಸರದ್ದು 1 ಗಂಟೆ 23 ನಿಮಿಷ. ಕಾನೂನು ಅಡುಗೆಮನೆಗೆ ಹೇಗೆ ಕಾಲಿಡುತ್ತದೆ ಅಂತ ನೀವು ಕೇಳಬಹುದು. ರಜೆಯ ಮೂಲಕ ಇಡುತ್ತದೆ.

1974ರಲ್ಲಿ ಸ್ವೀಡನ್ ತಾಯಂದಿರ ಹೆರಿಗೆ ರಜೆಯ ಜಾಗದಲ್ಲಿ ಅಪ್ಪ-ಅಮ್ಮ ಇಬ್ಬರಿಗೂ ಸೇರಿದ ಪೋಷಕ ರಜೆ ತಂದಿತು. ಜಗತ್ತಿನಲ್ಲೇ ಮೊದಲು. ಇಬ್ಬರೂ ಹೇಗೆ ಬೇಕಾದರೂ ಹಂಚಿಕೊಳ್ಳಿ ಅಂದಿತು. ಮೊದಲ ವರ್ಷ ಅಪ್ಪಂದಿರು ತೆಗೆದುಕೊಂಡಿದ್ದು ಒಟ್ಟು ದಿನಗಳಲ್ಲಿ 1% ಕೂಡ ಅಲ್ಲ. ಕಾನೂನಿನ ಭಾಷೆ ಪೂರ್ತಿ ಸಮಾನ, ಫಲಿತಾಂಶ ಪೂರ್ತಿ ಹಳೆಯದು. 1993ರಲ್ಲಿ ನಾರ್ವೆ ಬೇರೆ ಉಪಾಯ ಮಾಡಿತು. ನಾಲ್ಕು ವಾರ ಅಪ್ಪನದ್ದೇ. ಅವನು ತಗೊಳ್ಳದಿದ್ದರೆ ಆ ವಾರಗಳು ಹೋದವು, ಅಮ್ಮನಿಗೆ ಕೊಡುವ ಹಾಗಿಲ್ಲ. ಅಲ್ಲಿಯವರೆಗೆ ರಜೆ ಹಾಕುವ ಅಪ್ಪಂದಿರು ಬೆರಳೆಣಿಕೆಯಷ್ಟು. ಒಂದು ದಶಕದೊಳಗೆ ಬಹುಪಾಲು ಅಪ್ಪಂದಿರು ಹಾಕುತ್ತಿದ್ದರು. ಸ್ವೀಡನ್ ಕೂಡ 1995ರಲ್ಲಿ ಒಂದು ತಿಂಗಳು, 2002ರಲ್ಲಿ ಎರಡನೆಯದು, 2016ರಲ್ಲಿ ಮೂರನೆಯದು ಅಂತ ಮೀಸಲಿಟ್ಟಿತು.

ಯಾಕೆ ಕೆಲಸ ಮಾಡಿತು? ಮೊದಲು ಅಪ್ಪ ಆದವನು ಮೇಲಧಿಕಾರಿಯ ಮುಂದೆ ನಿಂತು ‘ನನಗೆ ಬೇಕು’ ಅಂತ ಕೇಳಬೇಕಿತ್ತು. ಈಗ ‘ನಾನು ಹಾಕದಿದ್ದರೆ ನಷ್ಟ ಆಗುತ್ತೆ’ ಅಂದರೆ ಸಾಕು. ಹೊರೆ ಆಚೆ ಹೋಯಿತು. ಜಪಾನಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕಾಗದದ ಮೇಲೆ ಅಲ್ಲಿನ ಅಪ್ಪಂದಿರ ರಜೆ ಜಗತ್ತಿನಲ್ಲೇ ಅತಿ ಉದಾರವಾದವುಗಳಲ್ಲಿ ಒಂದು. 2019ರಲ್ಲಿ ಅದನ್ನು ಬಳಸಿದವರು 8%ಕ್ಕಿಂತ ಕಡಿಮೆ. 2022ರಿಂದ, ಮಗು ಬರಲಿದೆ ಅಂತ ತಿಳಿಸಿದ ಪ್ರತಿ ನೌಕರನಿಗೂ ಮಾಲೀಕರೇ ರಜೆಯ ವಿಷಯ ಹೇಳಿ, ತಗೊಳ್ಳುತ್ತೀರಾ ಅಂತ ಕೇಳುವುದು ಕಡ್ಡಾಯ ಆಯಿತು. ದೊಡ್ಡ ಕಂಪನಿಗಳು ಎಷ್ಟು ಜನ ತಗೊಂಡರು ಅಂತ ಪ್ರಕಟಿಸಬೇಕಾಯಿತು. 2023ರಲ್ಲಿ ಪ್ರಮಾಣ 30% ಮುಟ್ಟಿತು. ರಜೆ ಆಗಲೇ ಇತ್ತು. ಕೇಳಬೇಕಾದವರು ಯಾರು ಅನ್ನುವುದು ಬದಲಾಯಿತು.

ಇಲ್ಲೇ ಒಂದು ಎಚ್ಚರಿಕೆ. ಹೊರೆಯನ್ನು ತಪ್ಪು ತಲೆಗೆ ಇಟ್ಟರೆ ಒಳ್ಳೇ ಕಾನೂನೇ ತಿರುಗಿ ಹೊಡೆಯುತ್ತದೆ. ಚಿಲಿ ದೇಶದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಸಂಸ್ಥೆ ಅವರ ಎರಡು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರದ ಖರ್ಚು ಕೊಡಬೇಕು ಅಂತ ಕಾನೂನಿದೆ. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಹಾಕಿದ್ದು ನೌಕರರನ್ನಲ್ಲ, ಹೆಂಗಸರನ್ನು! 19ಕ್ಕೆ ನಿಲ್ಲಿಸಲು ಮಾಲೀಕರಿಗೆ ಕಾನೂನೇ ಕಾರಣ ಕೊಟ್ಟ ಹಾಗಾಯಿತು. ಈ ನಿಯಮಕ್ಕೆ ಒಳಪಡುವ ಸಂಸ್ಥೆಗಳಲ್ಲಿ ಹೊಸದಾಗಿ ಸೇರುವ ಹೆಂಗಸರ ಆರಂಭದ ಸಂಬಳವೇ 9ರಿಂದ 20%ರಷ್ಟು ಕಡಿಮೆ ಇತ್ತು ಅಂತ ಒಂದು ಅಧ್ಯಯನ ಕಂಡುಕೊಂಡಿತು. ಅಂದರೆ ಖರ್ಚನ್ನು ಕಡೆಗೆ ಹೊತ್ತವರು ಅವರೇ.

ಭಾರತ 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂದಿತು. ಇಲ್ಲಿ ಎಣಿಸುವುದು ಗಂಡು-ಹೆಣ್ಣು ಎಲ್ಲರನ್ನೂ, ಅದು ಸರಿ. ಆದರೆ ಆ 26 ವಾರದ ಸಂಬಳ, ಸಾಮಾಜಿಕ ವಿಮೆಯ ಅಡಿಯಲ್ಲಿ ಇಲ್ಲದವರಿಗೆ, ಪೂರ್ತಿ ಮಾಲೀಕರ ಜೇಬಿನಿಂದಲೇ ಹೋಗಬೇಕು. ಇದರ ಅಪಾಯ ಗೊತ್ತಿದ್ದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ 183ನೇ ಒಡಂಬಡಿಕೆ ಈ ಖರ್ಚು ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕು ಅನ್ನುತ್ತದೆ. ಮಗು ಬೆಳೆಯುವುದರ ಲಾಭ ಇಡೀ ಸಮಾಜಕ್ಕೆ ಆದರೆ ಬಿಲ್ಲು ಒಬ್ಬ ಮಾಲೀಕನಿಗೆ ಯಾಕೆ ಹೋಗಬೇಕು? ಬಿಲ್ಲು ಅವನಿಗೆ ಹೋದರೆ ಅವನು ಮದುವೆಯಾಗಲಿರುವ ಹುಡುಗಿಯ ಅರ್ಜಿಯನ್ನು ಪಕ್ಕಕ್ಕೆ ಇಡುತ್ತಾನೆ. ಕಾರಣ ಎಲ್ಲೂ ಬರೆಯುವುದಿಲ್ಲ. ಹಾಗಾಗಿ ನಿಮ್ಮ ಕರಡಿನ ಪ್ರತಿ ಸವಲತ್ತಿನ ಪಕ್ಕ ‘ದುಡ್ಡು ಯಾರದ್ದು’ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಕರ್ತವ್ಯ ಮಾಲೀಕರಿಗೆ, ಖರ್ಚು ಎಲ್ಲರಿಗೂ. ಈ ಎರಡನ್ನೂ ಒಂದೇ ತಲೆಗೆ ಕಟ್ಟಬೇಡಿ.

‘ಸಮಾನ ಕೆಲಸಕ್ಕೆ ಸಮಾನ ವೇತನ’ ಅಂತ ಬರೆದು ಸುಮ್ಮನಾಗಬೇಡಿ. 1951ರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಇರುವುದು ‘ಸಮಾನ ಮೌಲ್ಯದ ಕೆಲಸ’, ಅಂದರೆ ಕೆಲಸ ಬೇರೆಯಾದರೂ ಅದಕ್ಕೆ ಬೇಕಾದ ಕೌಶಲ, ಶ್ರಮ, ಹೊಣೆ ಸಮಾನ. ವ್ಯತ್ಯಾಸ ದೊಡ್ಡದು. ಹೆಂಗಸರೇ ತುಂಬಿರುವ ಕೆಲಸಗಳಲ್ಲಿ ಹೋಲಿಸಲು ಗಂಡಸೇ ಇರುವುದಿಲ್ಲ. ಲಂಡನ್ ಹತ್ತಿರದ ಡ್ಯಾಗನ್‌ಹ್ಯಾಮ್‌ನ ಕಾರು ಕಾರ್ಖಾನೆಯಲ್ಲಿ ಸೀಟಿನ ಬಟ್ಟೆ ಹೊಲಿಯುತ್ತಿದ್ದ ಹೆಂಗಸರು 1968ರಲ್ಲಿ ಮುಷ್ಕರ ಹೂಡಿದ್ದೇ, ತಮ್ಮ ಕೆಲಸವನ್ನು ಕಡಿಮೆ ಕೌಶಲದ್ದು ಅಂತ ದರ್ಜೆ ಹಾಕಿದ್ದಕ್ಕೆ. ಆ ಮುಷ್ಕರದಿಂದ 1970ರಲ್ಲಿ ಬ್ರಿಟನ್ನಿಗೆ ಸಮಾನ ವೇತನ ಕಾಯ್ದೆ ಬಂತು. ಅವರ ಕೆಲಸಕ್ಕೆ ಕೌಶಲದ ದರ್ಜೆ ಸಿಕ್ಕಿದ್ದು ಮಾತ್ರ 1984ರಲ್ಲಿ, ಇನ್ನೊಂದು ಮುಷ್ಕರದ ನಂತರ.

ನ್ಯೂಜಿಲೆಂಡ್‌ನಲ್ಲಿ ವೃದ್ಧಾಶ್ರಮದ ಆರೈಕೆಗಾರ್ತಿ ಕ್ರಿಸ್ಟಿನ್ ಬಾರ್ಟ್‌ಲೆಟ್ ಈ ಮಾತನ್ನೇ ಕೋರ್ಟಿಗೆ ಒಯ್ದರು. ಹೆಂಗಸರ ಕೆಲಸ ಅನ್ನುವ ಕಾರಣಕ್ಕೇ ಇಡೀ ವೃತ್ತಿಯ ಸಂಬಳ ಕೆಳಗಿದೆ ಅಂದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ನಿಂತಿತು. 2017ರಲ್ಲಿ ಸರ್ಕಾರ ರಾಜಿಗೆ ಬಂದು ಸುಮಾರು 55,000 ಆರೈಕೆ ಕೆಲಸಗಾರರಿಗೆ ಐದು ವರ್ಷದಲ್ಲಿ 200 ಕೋಟಿ ನ್ಯೂಜಿಲೆಂಡ್ ಡಾಲರ್ ಕೊಡಲು ಒಪ್ಪಿತು. ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2025ರ ಮೇ ತಿಂಗಳಲ್ಲಿ ಅದೇ ದೇಶದ ಸಂಸತ್ತು ತರಾತುರಿಯಲ್ಲಿ ಕಾನೂನು ತಿದ್ದಿ ಇಂಥ ದಾವೆ ಹೂಡುವುದನ್ನು ಕಷ್ಟ ಮಾಡಿತು. ಆಗ ನಡೆಯುತ್ತಿದ್ದ 33 ದಾವೆಗಳು ಅಲ್ಲಿಗೇ ನಿಂತವು. 1893ರಲ್ಲಿ ಜಗತ್ತಿಗೇ ಮೊದಲು ಹೆಂಗಸರಿಗೆ ಮತದ ಹಕ್ಕು ಕೊಟ್ಟ ದೇಶ ಅದು.

ಹೊಸ ಕಾನೂನು ಬರೆಯುವ ಉತ್ಸಾಹದಲ್ಲಿ ಹಳೆಯದನ್ನು ಮರೆಯಬೇಡಿ. ಎಷ್ಟೋ ಸಲ ಅತಿ ಸುಲಭದ ಸುಧಾರಣೆ ಅಂದರೆ ಒಂದು ಸಾಲು ಹೊಡೆದು ಹಾಕುವುದು. ಫ್ರಾನ್ಸಿನಲ್ಲಿ 1965ರವರೆಗೆ ಗಂಡ ಅಡ್ಡಿ ಮಾಡಿದರೆ ಹೆಂಡತಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಐರ್ಲೆಂಡಿನಲ್ಲಿ 1973ರವರೆಗೆ ಸರ್ಕಾರಿ ನೌಕರಿಯ ಹೆಣ್ಣುಮಗಳು ಮದುವೆಯಾದರೆ ರಾಜೀನಾಮೆ ಕೊಡಬೇಕಿತ್ತು. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರ ಮಟ್ಟದ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. ಅಜ್ಜಿ ಕಾಲದ ಮಾತಲ್ಲ, ಇದನ್ನೆಲ್ಲ ಅನುಭವಿಸಿದವರು ಇನ್ನೂ ಇದ್ದಾರೆ. ಇಂಥ ಸಾಲುಗಳು ನೌಕರಿ ನಿಯಮ, ತೆರಿಗೆ, ಪಿಂಚಣಿ, ಪೌರತ್ವದ ಕಾನೂನುಗಳ ಒಳಗೆ ಅಡಗಿರುತ್ತವೆ. ‘ಮಹಿಳಾ ನೀತಿ’ ಅನ್ನುವ ಕಡತದಲ್ಲಿ ಸಿಗುವುದಿಲ್ಲ.

ಆಸ್ತಿಯ ವಿಷಯ ಬರೆದರೆ ಇನ್ನೊಂದು ಉತ್ತರವೇ ಆಗುತ್ತದೆ. ರುವಾಂಡಾದ ಒಂದು ಮಾತು ಮಾತ್ರ ಹೇಳುತ್ತೇನೆ. ಅಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಿ ದೇಶದ ಜಮೀನನ್ನೆಲ್ಲ ದಾಖಲೆಗೆ ತಂದರು. ನೋಂದಾಯಿತ ಮದುವೆಯಾದವರಿಗೆ ದೊಡ್ಡ ಲಾಭ ಆಯಿತು. ನೋಂದಣಿ ಇಲ್ಲದೆ ಒಟ್ಟಿಗೆ ಬಾಳುತ್ತಿದ್ದ ಹೆಂಗಸರು ಹಿಂದೆ ಬಿದ್ದರು. ವ್ಯಾಖ್ಯೆಗಳ ಪುಟದಲ್ಲಿ ‘ಪತ್ನಿ’ ಅಂದರೆ ಯಾರು ಅಂತ ಬರೆಯುವಾಗ ಇದು ನೆನಪಿರಲಿ.

ಎಲ್ಲದಕ್ಕೂ ಕಾಯ್ದೆಯೇ ಬೇಕು ಅಂತಿಲ್ಲ. ವಿಯೆನ್ನಾ ನಗರದವರು 1990ರ ದಶಕದಲ್ಲಿ ಪಾರ್ಕುಗಳಲ್ಲಿ ಸುಮ್ಮನೆ ತಲೆ ಎಣಿಸಿದರು. ಸುಮಾರು ಹತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದೇ ನಿಂತುಹೋಗುತ್ತಿತ್ತು. ದೊಡ್ಡ ಬಯಲನ್ನು ಹುಡುಗರ ಆಟ ಆಕ್ರಮಿಸಿಕೊಂಡಿತ್ತು. 1999ರಲ್ಲಿ ಎರಡು ಪಾರ್ಕುಗಳಲ್ಲಿ ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿ, ಕಾಲುದಾರಿ ಹಾಕಿ, ಬೇರೆ ಆಟಗಳಿಗೆ ಜಾಗ ಮಾಡಿದರು. ಹುಡುಗಿಯರು ವಾಪಸ್ ಬಂದರು. ಮಸೂದೆ ಇಲ್ಲ, ಚರ್ಚೆ ಇಲ್ಲ. ಎಣಿಸಿದ್ದೇ ನೀತಿ.

ಅದಕ್ಕೇ ‘ಎಲ್ಲಿಂದ ಶುರು’ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎಣಿಕೆಯಿಂದ. ಕರಡಿನ ಮೊದಲ ಅಧ್ಯಾಯದಲ್ಲೇ ಯಾರು, ಏನನ್ನು, ಎಷ್ಟು ದಿನಕ್ಕೊಮ್ಮೆ ಗಂಡು-ಹೆಣ್ಣು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಪ್ರಕಟಿಸತಕ್ಕದ್ದು ಅಂತ ಬರೆಯಿರಿ. ಆಮೇಲೆ, ಆ ಲೆಕ್ಕ ನೋಡಿ ಬಾಗಿಲು ಬಡಿಯುವ ಅಧಿಕಾರ ಯಾರಿಗಿದೆ, ಅವರ ಸಂಬಳ ಎಲ್ಲಿಂದ ಬರುತ್ತದೆ ಅಂತ ಬರೆಯಿರಿ. ಇದು ಬೇಜಾರಿನ ಭಾಗ, ಗೊತ್ತು. ವಿಶ್ವ ಬ್ಯಾಂಕ್ 2024ರ ವರದಿಯಲ್ಲಿ ಕಾನೂನಿನ ಜೊತೆಗೆ ಅದನ್ನು ಜಾರಿ ಮಾಡುವ ವ್ಯವಸ್ಥೆಯನ್ನೂ ಅಳೆಯಿತು. ಬೇಕಾದ ವ್ಯವಸ್ಥೆಯಲ್ಲಿ ದೇಶಗಳು ಸರಾಸರಿ 40%ಕ್ಕಿಂತ ಕಡಿಮೆ ಕಟ್ಟಿದ್ದವು. ಬೇಜಾರಿನ ಭಾಗವನ್ನು ಎಲ್ಲರೂ ಬಿಟ್ಟಿದ್ದಾರೆ.

ಕೊನೆಗೆ, ಜಾರಿಯ ದಿನಾಂಕ. ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದಂಥ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಅಂತ ಬಹಳಷ್ಟು ಮಸೂದೆಗಳ ಮೊದಲ ಪುಟದಲ್ಲಿ ನೋಡಿರುತ್ತೀರಿ. ಎಷ್ಟೋ ಒಳ್ಳೇ ಕಾನೂನು ಮಲಗಿರುವುದು ಆ ವಾಕ್ಯದೊಳಗೆ. ಭಾರತದ ಸಂಸತ್ತು 2023ರಲ್ಲಿ ಲೋಕಸಭೆ, ವಿಧಾನಸಭೆಗಳ ಮೂರನೇ ಒಂದು ಸೀಟು ಹೆಂಗಸರಿಗೆ ಅಂತ ಸಂವಿಧಾನವನ್ನೇ ತಿದ್ದಿತು. ಆದರೆ ಅದು ಅನ್ವಯವಾಗುವುದು ಮುಂದಿನ ಜನಗಣತಿ ನಡೆದು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅಂತ ಅದೇ ತಿದ್ದುಪಡಿಯಲ್ಲಿ ಬರೆದಿತ್ತು. ನಿಮ್ಮ ಕರಡಿನಲ್ಲಿ ತಾರೀಖು, ತಿಂಗಳು, ವರ್ಷ ಮೂರನ್ನೂ ಅಂಕಿಯಲ್ಲಿ ಹಾಕಿ.

ಬರೆದು ಮುಗಿದ ಮೇಲೆ ನನಗೊಂದು ಪ್ರತಿ ಕಳಿಸಿ. ‘ಪ್ರಯತ್ನಿಸತಕ್ಕದ್ದು’ ಅಂತ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತೇನೆ.